ಭಂಗಿ ಸೊಪ್ಪಿನ ವಕಾಲತ್ತು

ಪತ್ರಿಕೆಯಲ್ಲಿ ಲೇಖನ ಬರೆಯುವವನಿಗೂ ಅದನ್ನು ಓದುವವನಿಗೂ ನಡುವೆ ತಲೆಬರಹ ಕೊಡುವವನೊಬ್ಬ ಇರುತ್ತಾನೆ ಎಂಬುದು ನನಗೆ ಗೊತ್ತಾದದ್ದು ಸ್ವಲ್ಪ ತಡವಾಗಿ. ನಮ್ಮ ಜನ ಓದುವುದಿಲ್ಲ ಎಂಬ ದೂರಿನಲ್ಲಿ ಹುರುಳಿಲ್ಲ. ಅವರು ತಲೆಬರಹ ಓದುತ್ತಾರೆ, ಅದರ ಕೆಳಗಿನ ಫೋಟೋ ನೋಡುತ್ತಾರೆ, ಉಳಿದದ್ದನ್ನು ತಾವೇ ಊಹಿಸಿಕೊಂಡು ಅದೇ ಪತ್ರಿಕೆಯಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಮನೆಗೆ ಹೋಗುತ್ತಾರೆ. ಗೋಕಾಕದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಊರಿನ ವಾರಪತ್ರಿಕೆಗೆ ಆಗೀಗ ಬರೆಯುತ್ತಿದ್ದೆ. ಶುದ್ಧ ಬರವಣಿಗೆಯ ಬಗ್ಗೆ, ಹ್ರಸ್ವ ದೀರ್ಘಗಳ ಬಗ್ಗೆ, ಗಾದೆಗಳ ಸೊಗಸಿನ ಬಗ್ಗೆ ಬರೆದೆ. ಅವನ್ನು ಓದಿದವರು ಯಾರೂ ನನಗೆ ಇವತ್ತಿನವರೆಗೆ ಸಿಕ್ಕಿಲ್ಲ. ಆಮೇಲೆ ಭಂಗಿ ಸೊಪ್ಪಿನ ಬಗ್ಗೆ ಒಂದೇ ಒಂದು ಲೇಖನ ಬರೆದೆ. ಹುಕ್ಕೇರಿಯವರೆಗೂ ಹೆಸರಾಯಿತು.

ಇದಕ್ಕೆಲ್ಲ ಕಾರಣ ನನ್ನ ಮಾವ, ತುಕ್ಕಾನಟ್ಟಿಯ ಸಿದ್ದಪ್ಪನವರು. ಅವರು ನನಗೆ ಎರಡು ಕಡೆಯಿಂದ ಮಾವ: ಅವ್ವನ ತಮ್ಮ, ಹೆಂಡತಿಯ ಅಪ್ಪ. ಆದ್ದರಿಂದ ಅವರ ಮುಂದೆ ನಾನು ಬೇರೆ ಅಳಿಯಂದಿರಿಗಿಂತ ಇಮ್ಮಡಿ ಬಾಗಬೇಕಾಗುತ್ತಿತ್ತು. ಕುರಿ ಸಾಕುವ ಮನೆತನದಲ್ಲಿ ಹುಟ್ಟಿ ಮಾಂಸ ಬಿಟ್ಟವರು. ಕೊರಳಲ್ಲಿ ತುಳಸಿ ಮಾಲೆ ಹಾಕಿಕೊಂಡು ವರ್ಷವೂ ಪಂಢರಪುರದ ವಾರಿಗೆ ನಡೆದೇ ಹೋಗುವ ಮಾಳಕರಿ. ಸೆರೆ, ಬೀಡಿ, ತಂಬಾಕಿನ ಮಾತು ಬಿಡಿ, ಚಹಾ ಕೂಡ ಒಂದು ನಶೆಯೇ ಎಂಬುದು ಅವರ ಸಿದ್ಧಾಂತ. ಅವರ ಮನೆಗೆ ಹೋದಾಗ ನನಗೆ ಚಹಾ ಬೇಕೆನಿಸಿದರೆ ಎಮ್ಮೆಗೆ ನೀರು ಕುಡಿಸುವ ನೆಪ ಹೇಳಿ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದೆ. ನೆಪ ಖರೆ ಕಾಣಬೇಕಲ್ಲ, ಎಮ್ಮೆಯೂ ಬರುತ್ತಿತ್ತು.

ಅಂಥವರು ಒಂದು ಸುಗ್ಗಿಯಲ್ಲಿ ಜೋಳದ ಕಣಿಕೆಯ ಬಣವೆಯ ಮೇಲಿಂದ ಬಿದ್ದರು. ಬೆನ್ನಿಗೆ ಪೆಟ್ಟಾಯಿತು. ದೊಡ್ಡ ಊರಿನ ದೊಡ್ಡ ದವಾಖಾನೆಯಲ್ಲಿ ಮಾಡಬೇಕಾದುದನ್ನೆಲ್ಲ ಮಾಡಿದರು. ಎಲುಬು ಕೂಡಿತು, ನೋವು ಉಳಿಯಿತು. ಎಡಗಾಲು ತನ್ನಷ್ಟಕ್ಕೆ ತಾನೇ ಜಗ್ಗುತ್ತಿತ್ತು. ಸೊಂಟದಿಂದ ಹಿಮ್ಮಡಿಯವರೆಗೆ ಕೆಂಡ ಸುರಿದಂತಾಗುತ್ತದೆ ಎನ್ನುತ್ತಿದ್ದರು. ಗುಳಿಗೆಗಳಿಂದ ಹೊಟ್ಟೆ ಉರಿಯತೊಡಗಿತು, ಊಟ ಬಿಟ್ಟರು. ಭಜನೆಗೆ ಕೂತರೆ ಅರ್ಧಕ್ಕೇ ಎದ್ದು ಗೋಡೆ ಹಿಡಿದುಕೊಂಡು ಹೊರಗೆ ಹೋಗುತ್ತಿದ್ದರು. ಜೀವಮಾನದಲ್ಲಿ ಯಾರಿಗೂ ಬೈಯದ ಮನುಷ್ಯ ಒಂದು ದಿನ ಎಮ್ಮೆಗೆ ಬೈದದ್ದನ್ನು ನಾನು ಕೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಅದರ ಹತ್ತಿರ ಹೋಗಿ, ತಪ್ಪಾತವ್ವ, ಅಂದದ್ದನ್ನೂ ಕೇಳಿದೆ. ನನ್ನ ಹೆಂಡತಿ ಶಾರದಾ ಅಂದು ಅಡಿಗೆ ಮನೆಯಲ್ಲಿ ಕೂತು ಅತ್ತಳು.

ಮೂಡಲಗಿಯಲ್ಲಿ ಆಯುರ್ವೇದ ಓದಿದ ಡಾಕ್ಟರ್‌ಬಾಯಿಯೊಬ್ಬರಿದ್ದರು. ಹಳೆಯ ಜೈನ ಮನೆತನದವರು. ಮನೆಯಲ್ಲಿ ಮರಾಠಿ, ದವಾಖಾನೆಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಅವರು ಮಾವನವರನ್ನು ತಿರುಗಿಸಿ ಮುರುಗಿಸಿ ನೋಡಿ ಒಂದು ಲೇಹ್ಯ ಕೊಟ್ಟರು. ಇದರಲ್ಲಿ ವಿಜಯಾ ಇದೆ, ಹೇಳಿದಷ್ಟೇ ತೆಗೆದುಕೊಳ್ಳಬೇಕು ಎಂದು ಎಚ್ಚರಿಸಿಯೂ ಕೊಟ್ಟರು. ವಿಜಯಾ ಎಂದರೆ ಯಾವುದೋ ದೇವಿಯ ಹೆಸರೆಂದು ತಿಳಿದ ಮಾವ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡರು. ಅದು ಭಂಗಿ ಸೊಪ್ಪಿಗೆ ಶಾಸ್ತ್ರದಲ್ಲಿರುವ ಹೆಸರೆಂದು ನನಗೆ ಗೊತ್ತಿತ್ತು. ಹಾಲಿನಲ್ಲಿ ಕುದಿಸಿ, ತೊಳೆದು, ತುಪ್ಪದಲ್ಲಿ ಹುರಿದು ಶುದ್ಧಮಾಡಿಯೇ ಬಳಸುತ್ತಾರಂತೆ. ಡಾಕ್ಟರ್‌ಬಾಯಿ ಹೇಳಬೇಕಾದ್ದನ್ನು ಹೇಳಿದ್ದಾರೆ, ಮಾವ ತಿಳಿಯಬೇಕಾದ್ದನ್ನು ತಿಳಿದಿದ್ದಾರೆ, ನಡುವೆ ಅರ್ಥ ಬಿಡಿಸಿ ಹೇಳಲು ಇದೇನು ನನ್ನ ತರಗತಿಯೇ ಎಂದು ಸುಮ್ಮನಿದ್ದೆ. ನೋವು ಪೂರ್ತಿ ಹೋಗಲಿಲ್ಲ. ಆದರೆ ಕಾಲಿನ ಜಗ್ಗಾಟ ಕಡಿಮೆಯಾಯಿತು, ರೊಟ್ಟಿ ಹೊಟ್ಟೆಗೆ ಹೋಯಿತು, ಮಾವ ನಿದ್ದೆ ಮಾಡಿದರು. ಏಕಾದಶಿಯ ಭಜನೆಗೆ ಮಂಗಳಾರತಿಯವರೆಗೂ ಕೂತರು.

ಕೆಲವು ತಿಂಗಳಲ್ಲಿ ಲೇಹ್ಯ ಬರುವುದು ನಿಂತಿತು. ಕೇಳಲು ಹೋದರೆ ಡಾಕ್ಟರ್‌ಬಾಯಿ ಆಗಲೇ ಎರಡೂ ಭಾಷೆಯಲ್ಲಿದ್ದರು. ಕಾಯಿದೆಯಲ್ಲಿ ಆ ಗಿಡದ ಹೂವಿಗೆ, ಅಂಟಿಗೆ ಇರುವ ನಿಷೇಧ ಬರೀ ಎಲೆಗೆ ಇಲ್ಲ. ಪರವಾನಗಿ ಇದ್ದರೆ ಔಷಧಿಗೆ ಬಳಸಬಹುದು. ಆದರೆ ಆ ಪರವಾನಗಿ ಕೊಡುವವರು ಯಾರು? ಆರೋಗ್ಯದ ಕಚೇರಿಯವರು ಇದು ನಶೆ, ನಮಗೆ ಸಂಬಂಧವಿಲ್ಲ ಅಂದಿದ್ದರು. ಅಬಕಾರಿಯವರು ಇದು ಔಷಧಿ, ನಮಗೆ ಸಂಬಂಧವಿಲ್ಲ ಅಂದಿದ್ದರು. ಲೇಹ್ಯ ಮಾಡುವವರು ಹೆದರಿ ಮಾಡುವುದನ್ನೇ ಬಿಟ್ಟಿದ್ದರು.

"ಮಾಸ್ತರ, ಚಟ ಇದ್ದಾಂವಗ ಎಲ್ಲಾ ಕಡೆ ಸಿಗತೈತಿ. ಬ್ಯಾನಿ ಇದ್ದಾಂವಗ ಅಷ್ಟ ಸಿಗಂಗಿಲ್ಲ," ಅಂದರು ಡಾಕ್ಟರ್‌ಬಾಯಿ. "ನೀವು ಪೇಪರಿನಾಗ ಏನೇನರ ಬರೀತೀರಲ್ರಿ, ಇದನ್ನೊಂದು ಬರೀರಿ."

ಆ 'ಏನೇನರ' ಎಂಬ ಮಾತು ನನಗೆ ನಾಟಿತು. ಅವತ್ತೇ ಬರೆಯಲು ಕೂತೆ. ಕಾಯಿದೆ ಓದಿದ ವಕೀಲರನ್ನು ಕಂಡು ಕೇಳಿದೆ, ಹಳೆಯ ವೈದ್ಯಗ್ರಂಥ ತಿರುವಿ ಹಾಕಿದೆ, ಚಟಕ್ಕೂ ಚಿಕಿತ್ಸೆಗೂ ಇರುವ ಅಂತರವನ್ನು ಎರಡು ಉಪಮೆ, ಒಂದು ದೃಷ್ಟಾಂತದ ಮೂಲಕ ವಿವರಿಸಿದೆ. ಮಾವನ ಹೆಸರು ಬರೆಯದೆ 'ತುಕ್ಕಾನಟ್ಟಿಯ ಹಿರಿಯರೊಬ್ಬರು' ಎಂದಷ್ಟೇ ಅಂದೆ. 'ನೋವು ನಿವಾರಣೆಯಲ್ಲಿ ವಿಜಯಾ: ಶಾಸ್ತ್ರ ಮತ್ತು ಶಾಸನ' ಎಂದು ತಲೆಬರಹ ಕೊಟ್ಟು ಸಂಪಾದಕ ಈರಣ್ಣನ ಕೈಗೆ ಒಪ್ಪಿಸಿದೆ. ಈರಣ್ಣನದು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು. ಲಗ್ನದ ಹಂಗಾಮಿಲ್ಲದಾಗ ಪತ್ರಿಕೆ ದಪ್ಪಗೆ ಬರುತ್ತಿತ್ತು. ಅದು ಆಷಾಢ ಮಾಸ. ನನ್ನ ಲೇಖನಕ್ಕೆ ಮುಖಪುಟವೇ ಸಿಕ್ಕಿತು. ತಲೆಬರಹ ಮಾತ್ರ 'ಭಂಗಿ ಕೊಡಿ: ಗೋಕಾಕದ ಮಾಸ್ತರರ ಬೇಡಿಕೆ' ಎಂದಾಗಿತ್ತು. ಕೆಳಗೆ ಮಾವನವರ ಫೋಟೋ. ಹಿಂದೆ ವಾರಿಗೆ ಹೊರಟ ದಿಂಡಿಯ ಸುದ್ದಿಗೆಂದು ತೆಗೆದದ್ದು: ಕೈಯಲ್ಲಿ ತಾಳ, ಕೊರಳಲ್ಲಿ ಮಾಲೆ, ಭಕ್ತಿಯಿಂದ ಅರೆಮುಚ್ಚಿದ ಕಣ್ಣು. ಆ ತಲೆಬರಹದ ಕೆಳಗೆ ಆ ಕಣ್ಣಿಗೆ ಬೇರೆಯೇ ಅರ್ಥ ಬಂದಿತ್ತು.

ಈರಣ್ಣನನ್ನು ಕೇಳಿದರೆ ತುಕ್ಕಾನಟ್ಟಿಯ ಹಿರಿಯರ ಫೋಟೋ ತನ್ನ ಹತ್ತಿರ ಇದ್ದದ್ದು ಅದೊಂದೇ ಎಂದ. ಫೋಟೋ ಇಲ್ಲದ ಸುದ್ದಿಯನ್ನು ಯಾರು ಓದುತ್ತಾರೆ ಎಂದು ನನ್ನನ್ನೇ ಕೇಳಿದ. ನನ್ನ ಹಿಂದಿನ ಲೇಖನಗಳಿಗೆ ಯಾವುದಕ್ಕೂ ಫೋಟೋ ಇರಲಿಲ್ಲವಾದ್ದರಿಂದ ನಾನು ವಾದಿಸಲಿಲ್ಲ.

ಮರುದಿನ ಹೆಡ್‌ಮಾಸ್ತರರು ಕರೆದು, ನೀವು ಮಕ್ಕಳಿಗೆ ಏನು ಕಲಿಸುತ್ತಿದ್ದೀರಿ ಎಂದು ವಿಚಾರಿಸಿದರು. ಸಮಾಸ ಎಂದೆ. ಅದನ್ನೇ ಮುಂದುವರಿಸಿ ಅಂದರು. ಸಂಜೆಯಿಂದ ಮನೆಗೆ ರೋಗಿಗಳು ಬರತೊಡಗಿದರು. ಅಂಕಲಗಿಯಿಂದ ಬಂದ ಗಟ್ಟಿಮುಟ್ಟಾದ ಒಬ್ಬಾತ ತನಗೂ ಸೊಂಟದ ಬೇನೆ ಇದೆಯೆಂದು ಕಟ್ಟೆಯನ್ನು ಒಂದೇ ನೆಗೆತಕ್ಕೆ ಹತ್ತಿ ಬಂದು ಹೇಳಿದ. ಇನ್ನೊಬ್ಬ, ಲೇಹ್ಯ ಕಹಿ ಇರುತ್ತದಂತೆ, ಕರದಂಟಿನಲ್ಲಿ ಹಾಕಿ ಕೊಡಲು ಬರುತ್ತದೆಯೇ ಎಂದು ವಿಚಾರಿಸಿದ. ನಾನು ಬರೀ ಲೇಖಕನೆಂದು ಎಷ್ಟು ಹೇಳಿದರೂ ಅವರು ಅದನ್ನು ಸಂಕೇತದ ಮಾತೆಂದು ತಿಳಿದು ಕಣ್ಣು ಮಿಟುಕಿಸಿದರು. ಆಮೇಲೆ ಪೊಲೀಸ್ ಹವಾಲ್ದಾರರು ಬಂದರು. ಬಹಳ ಮರ್ಯಾದಸ್ಥರು, ಚಪ್ಪಲಿ ಹೊರಗೆ ಬಿಟ್ಟು ಬಂದರು. ಶಾರದಾ ಅಂಗಳದಲ್ಲಿ ಬೆಳೆಸಿದ್ದ, ಎಲೆ ಭಂಗಿಯಂತೆ ಕಾಣುವ, ಇನ್ನೂ ಹೂ ಬಿಡದ ಚೆಂಡುಹೂವಿನ ಗಿಡಗಳ ಮುಂದೆ ಬಹಳ ಹೊತ್ತು ನಿಂತು ಒಂದು ಎಲೆ ಹರಿದು ಮೂಸಿದರು. ಹೂವು ಬಿಟ್ಟ ಮೇಲೆ ಮತ್ತೆ ಬರುತ್ತೇನೆ ಅಂದರು. ಹೋಗುವಾಗ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ, ತಮ್ಮ ತಾಯಿಗೂ ಅಂಥದೇ ಕಾಲುರಿ ಇದೆ, ಆ ಡಾಕ್ಟರ್‌ಬಾಯಿಯ ದವಾಖಾನೆ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಕೇಳಿದರು.

ಇದೆಲ್ಲ ಸಹಿಸಬಹುದಿತ್ತು. ತುಕ್ಕಾನಟ್ಟಿಯ ಗುಡಿಯ ಕಟ್ಟೆಯ ಮೇಲೆ ಯಾರೋ ಪತ್ರಿಕೆಯನ್ನು ಗಟ್ಟಿಯಾಗಿ ಓದಿದರು ಎಂಬ ಸುದ್ದಿ ಬಂತು. ಮಾವ ಅವತ್ತೇ ಡಬ್ಬಿಯ ತಳದಲ್ಲಿ ಉಳಿದಿದ್ದ ಲೇಹ್ಯವನ್ನು ಮುಚ್ಚಿ ಮೇಲಿಟ್ಟರಂತೆ. ನಾವು ಹೋಗುವ ಹೊತ್ತಿಗೆ ಮುಖ ಸುಣ್ಣದಂತಾಗಿತ್ತು. ಕಾಲು ಜಗ್ಗಿದಾಗಲೆಲ್ಲ ಹಲ್ಲು ಕಚ್ಚಿ ಹಿಡಿಯುತ್ತಿದ್ದರು. ಕೊರಳಲ್ಲಿ ಮಾಲೆ ಇರಲಿಲ್ಲ. ದೇವರ ಮುಂದೆ ಬಿಚ್ಚಿಟ್ಟಿದ್ದರು. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಳಿಯಾ, ನನ್ನ ಮೂಡಲಗಿಗೆ ಕರಕೊಂಡು ನಡಿ," ಅಂದರು ಅಷ್ಟೆ.

ದವಾಖಾನೆಯಲ್ಲಿ ಮಾವ ರೋಗಿಗಳು ಕೂಡುವ ಬಾಕಿನ ಮೇಲೆ ಕೂಡ್ರಲಿಲ್ಲ. ನಿಂತೇ ಕೇಳಿದರು: "ತಂಗೀ, ನೀ ಕೊಟ್ಟಿದ್ದು ನಶಾ ಏನು, ಔಷಧಿ ಏನು? ಖರೆ ಹೇಳು."

ಡಾಕ್ಟರ್‌ಬಾಯಿ ನನ್ನ ಕಡೆ ಒಂದು ಸಲ ನೋಡಿದರು. ಆ ನೋಟವೂ ಎರಡೂ ಭಾಷೆಯಲ್ಲಿತ್ತು. ಆಮೇಲೆ, ವಿಜಯಾ ಎಂದರೆ ಏನೆಂದು ಬಿಡಿಸಿ ಹೇಳದಿದ್ದದ್ದು ತಮ್ಮ ತಪ್ಪು ಎಂದು ಒಪ್ಪಿಕೊಂಡು, ಎಲೆ ಯಾವುದು, ಅದನ್ನು ಹೇಗೆ ಶುದ್ಧಮಾಡುತ್ತಾರೆ, ಹೆಚ್ಚು ತಿಂದರೆ ಏನಾಗುತ್ತದೆ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ವಿವರಿಸಿದರು. ಕೊನೆಗೆ ಕೇಳಿದರು: "ಕಾಕಾ, ಇಷ್ಟು ದಿನ ತಗೊಂಡ್ರಿ. ಭಜನ್ಯಾಗ ಒಂದಿನರ ತಾಳ ತಪ್ಪಿತೇನ್ರಿ?"

ಮಾವ ಬೆರಳು ಮಡಚಿ ಭಜನೆಯ ದಿನಗಳನ್ನು ಎಣಿಸಿ ನೋಡಿದರು. ಅವರು ಯಾವುದರ ಬಗ್ಗೆ ಸುಳ್ಳು ಹೇಳಿದರೂ ತಾಳದ ಬಗ್ಗೆ ಹೇಳುವವರಲ್ಲ. "ಇಲ್ಲ," ಅಂದರು. "ಬ್ಯಾನಿ ಇದ್ದಾಗ ತಪ್ಪತಿತ್ತು."

"ಮತ್ತ ನಶಾ ಯಾವುದಾತ್ರಿ?"

ಮಾವ ಬಾಕಿನ ಮೇಲೆ ಕೂತರು.

ಅದೇ ವಾರ ಹುಕ್ಕೇರಿಯ ಕೇಬಲ್ ಟಿವಿಯವರು ನನ್ನನ್ನು ಚರ್ಚೆಗೆ ಕರೆದರು. ಪಾತ್ರೆ ಅಂಗಡಿಯ ಮೇಲಿನ ಒಂದು ಕೋಣೆಯೇ ಅವರ ಸ್ಟುಡಿಯೋ. ಲಗ್ನದ ಕ್ಯಾಸೆಟ್ಟುಗಳನ್ನೂ ಹಳೆಯ ಸಿನಿಮಾಗಳನ್ನೂ ತೋರಿಸಿ ಉಳಿದ ವೇಳೆಯಲ್ಲಿ ಅವರು ಚರ್ಚೆ ಮಾಡುತ್ತಿದ್ದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟೆ. ಮಾವನೂ ಬರುತ್ತೇನೆಂದರು. ಡಬ್ಬಿಯ ತಳದ ಲೇಹ್ಯವೂ ತೀರಿದೆ, ಈ ಮೈಯಲ್ಲಿ ಬಸ್ಸಿನ ಕುಲುಕಾಟ ಬೇಡ ಎಂದು ಶಾರದಾ ಬೇಡಿಕೊಂಡರೂ ಕೇಳಲಿಲ್ಲ. ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತೇ ಬಂದರು. ಕ್ಯಾಮೆರಾದ ಮುಂದೆ ನಾನು 'ಪ್ರಾಚೀನ ಭಾರತೀಯ ವೈದ್ಯಪದ್ಧತಿಯಲ್ಲಿ' ಎಂದು ಆರಂಭಿಸಿದೆ. ಇಡೀ ವಾಕ್ಯ ನನಗೆ ಬಾಯಿಪಾಠ ಬರುತ್ತಿತ್ತು. ಆದರೆ ಕ್ರಿಯಾಪದ ಸಿಗಲಿಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ಕ್ರಿಯಾಪದ ಹುಡುಕಿಸಿದವನು ಅದಿಲ್ಲದೆ ಹುಕ್ಕೇರಿಯ ಜನರ ಮುಂದೆ ಬಾಯಿ ತೆರೆದು ಕೂತೆ. ಕೆಳಗೆ ಅಂಗಡಿಯಲ್ಲಿ ಯಾರೋ ಕೊಡ ಬಡಿದು ನೋಡುತ್ತಿದ್ದ ಸದ್ದು ಎಲ್ಲರ ಮನೆಗೂ ಕೇಳಿಸಿರಬೇಕು. ಆಗ ಮಾವ ಬಾಗಿಲ ಬಳಿಯಿಂದ ಎದ್ದು ಬಂದು ನನ್ನ ಮುಂದಿನ ಮೈಕು ತಮ್ಮ ಕಡೆ ಎಳೆದುಕೊಂಡರು. ಕಿಸೆಯಿಂದ ತುಳಸಿ ಮಾಲೆ ತೆಗೆದು ಕಣ್ಣಿಗೊತ್ತಿ ಕೊರಳಿಗೆ ಹಾಕಿಕೊಂಡರು.

"ನಾ ತುಕ್ಕಾನಟ್ಟಿ ಸಿದ್ದಪ್ಪ. ಸೆರೆ ಮುಟ್ಟಿಲ್ಲ, ಬೀಡಿ ಮುಟ್ಟಿಲ್ಲ, ಚಾ ಸುದ್ದಾ ಕುಡಿಯಂಗಿಲ್ಲ. ಬಣವಿ ಮ್ಯಾಲಿಂದ ಬಿದ್ದ ಮ್ಯಾಲ ವಿಠ್ಠಲ ಅನ್ನಾಕ ಕುಂತ್ರ ಬಾಯಾಗ ಅಯ್ಯೋ ಅಂತ ಬರತಿತ್ತು. ಈ ಔಷಧಿ ತಗೊಂಡ ಮ್ಯಾಲ ವಿಠ್ಠಲ ಅಂತನ ಬಂತು. ನಶಾ ಮಾಡಾವ್ರನ್ನ ಹಿಡೀರಿ, ನಾನೂ ಹಿಡಕೊಡತೇನಿ. ಬ್ಯಾನಿ ಇದ್ದಾವ್ರ ಔಷಧಿ ಮಾತ್ರ ಹಿಡೀಬ್ಯಾಡ್ರಿ."

ಅಷ್ಟು ಹೇಳಿ ಮೈಕನ್ನು ನನ್ನ ಕಡೆ ಸರಿಸಿದರು. ನಾನು ಅದನ್ನು ಮತ್ತೆ ಅವರ ಕಡೆಗೇ ಸರಿಸಿದೆ. ಫೋನು ಬಂತು. ಹತ್ತರಗಿಯಿಂದ ಒಬ್ಬ ಹೆಣ್ಣುಮಗಳು; ಗಂಡನಿಗೆ ಕ್ಯಾನ್ಸರ್, ತಿಂದದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಡಾಕ್ಟರ್‌ಬಾಯಿ ಹತ್ತಿರ ಹೋಗಲು ಯಾವ ಬಸ್ಸು ಎಂದಷ್ಟೇ ಆಕೆ ಕೇಳಿದ್ದು. ಗೋಕಾಕಕ್ಕೆ ಬಂದು ಮೂಡಲಗಿ ಬಸ್ಸು ಹತ್ತಬೇಕೆಂದು ಮಾವ ಹೇಳಿದರು. ಔಷಧಿ ಈಗ ಇಲ್ಲ, ಆದರೆ ಡಾಕ್ಟರ್ ಇದ್ದಾರೆ, ಬನ್ನಿ ಎಂದರು.

ಡಾಕ್ಟರ್‌ಬಾಯಿ ಆ ಕಾರ್ಯಕ್ರಮದ ಕ್ಯಾಸೆಟ್ಟು ಹಿಡಿದುಕೊಂಡು ಕಚೇರಿಗಳಿಗೆ ಮತ್ತೆ ಅಲೆದರು. ಈರಣ್ಣ ಪ್ರತಿ ವಾರ ಒಂದು ಸುದ್ದಿ ಹಾಕಿದ. ಲಗ್ನದ ಹಂಗಾಮು ಶುರುವಾದ ಮೇಲೂ ಜಾಗ ಮಾಡಿ ಹಾಕಿದ ಎಂಬುದನ್ನು ನಾನು ಕೃತಜ್ಞತೆಯಿಂದ ಹೇಳಬೇಕು. ಕೊನೆಗೆ ಅಬಕಾರಿಯ ದೊಡ್ಡ ಸಾಹೇಬರೊಬ್ಬರು, ಇದನ್ನು ಕೊಡಬಾರದೆಂದು ಹೇಳಿದವರು ಯಾರು ಎಂದು ತಮ್ಮ ಕಚೇರಿಯಲ್ಲಿ ವಿಚಾರಿಸಿದರಂತೆ. ಯಾರಿಗೂ ಗೊತ್ತಿರಲಿಲ್ಲವಂತೆ. ಹತ್ತಾರು ಷರತ್ತುಗಳೊಂದಿಗೆ ಲೇಹ್ಯ ಮಾಡುವವರಿಗೆ ಎಲೆಯ ಪರವಾನಗಿ ಬಂತು. ಆ ಹೊತ್ತಿಗೆ ಹತ್ತರಗಿಯ ಹೆಣ್ಣುಮಗಳ ಗಂಡ ಇರಲಿಲ್ಲ. ಸಾವಿನ ಸುದ್ದಿ ತಿಳಿದ ದಿನ ಮಾವ ನನ್ನನ್ನು ಕರೆದುಕೊಂಡು ಆಕೆಯ ಮನೆಗೆ ಹೋಗಿ ಕೂತು ಬಂದರು. ಬರುವಾಗ ಹೆದ್ದಾರಿಯ ಪಕ್ಕದ ಅಂಗಡಿಯಲ್ಲಿ ನನಗೆ ತಾವೇ ಹೇಳಿ ಚಹಾ ಕೊಡಿಸಿದರು, ತಾವು ನೀರು ಕುಡಿದರು. ಮುಂದಿನ ವಾರಿಗೆ ಮಾವ ನಡೆದು ಹೋಗಲಾಗಲಿಲ್ಲ, ಜೀಪಿನಲ್ಲಿ ಹೋದರು. ಡಬ್ಬಿ ಜೊತೆಗಿತ್ತು.

ಇತ್ತೀಚೆಗೆ ನನಗೂ ಸೊಂಟ ಹಿಡಿದುಕೊಂಡಿತು. ಇಷ್ಟೆಲ್ಲ ಹೋರಾಡಿದವನಿಗೆ ಒಂದು ಡಬ್ಬಿಯ ಹಕ್ಕಾದರೂ ಇದೆಯೆಂದು ಸ್ವಲ್ಪ ಗತ್ತಿನಿಂದಲೇ ಮೂಡಲಗಿಗೆ ಹೋದೆ. ಡಾಕ್ಟರ್‌ಬಾಯಿ ಬೆನ್ನು ಒತ್ತಿ ನೋಡಿ, "ಮಾಸ್ತರ, ಇದು ಬ್ಯಾನಿ ಅಲ್ರಿ, ಕುಂತು ಕುಂತು ಬಂದದ್ದು. ದಿನಾ ಮುಂಜಾನೆ ನಡೀರಿ," ಎಂದು ಮುಂದಿನ ರೋಗಿಯನ್ನು ಕರೆದರು. ಅಂದಿನಿಂದ ಹೊಳೆಯ ದಂಡೆಗುಂಟ ನಡೆಯುತ್ತಿದ್ದೇನೆ. ಎದುರಾದ ಪರಿಚಯದವರು ನಿಂತು, ಅತ್ತಿತ್ತ ನೋಡಿ, "ಸಿಕ್ತೇನ್ರಿ ಮಾಸ್ತರ?" ಎಂದು ಕೇಳುತ್ತಾರೆ. ಇಲ್ಲ, ನನಗೆ ಕೊಡಲಿಲ್ಲ ಎಂದು ಇದ್ದದ್ದನ್ನೇ ಹೇಳುತ್ತೇನೆ. ಒಬ್ಬರೂ ನಂಬುವುದಿಲ್ಲ.