ಫಕೀರವ್ವ ಕೇಳಿದ ಬ್ರಿಡ್ಜ್

ಪತ್ರಿಕೆಗಳು ಹುಟ್ಟುವ ಮೊದಲು, ಆದರೆ ಪತ್ರಿಕಾಗೋಷ್ಠಿಗಳು ಶುರುವಾದ ಮೇಲೆ, ಅಲಂಕಾರಪುರವೆಂಬ ರಾಜ್ಯವೊಂದಿತ್ತು. ಅದರ ಪ್ರಭುಗಳಾದ ಮಂದಹಾಸವರ್ಮ ಮಹಾರಾಜರು ಇಂಗ್ಲಿಷ್ ಪದವಿಲ್ಲದ ಅರ್ಜಿಯನ್ನು ಮುಟ್ಟುತ್ತಿರಲಿಲ್ಲ. ರಾಜ್ಯವನ್ನು ಆಧುನಿಕಗೊಳಿಸಲು ಅವರು ಕಂಡುಕೊಂಡಿದ್ದ ಸುಲಭೋಪಾಯ ಅದು.

ಹೊಳೆಯಾಚೆಯ ಹುಲಗಟ್ಟಿಯಲ್ಲಿ ಫಕೀರವ್ವನೆಂಬ ಸೂಲಗಿತ್ತಿ ಇದ್ದಳು. ಊರಿಗೆ ಹರಿಗೋಲೊಂದೇ ಗತಿ. ಆ ವರ್ಷ ಹೊಳೆ ತುಂಬಿದಾಗ ಬಸುರಿಯೊಬ್ಬಳನ್ನು ವೈದ್ಯಶಾಲೆಗೆ ಒಯ್ಯುತ್ತಿದ್ದರು. ನಡುಹೊಳೆಯಲ್ಲೇ ಹೆರಿಗೆಯಾಯಿತು. ಹರಿಗೋಲು ಗಿರಗಿರನೆ ಸುತ್ತುತ್ತಿದ್ದರೆ, ಫಕೀರವ್ವ ಕೂಸನ್ನು ಎದೆಗವುಚಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ತಾಯಿ, ಮಗು ಇಬ್ಬರೂ ಉಳಿದರು. ಮರುದಿನವೇ ಆಕೆ ಅರ್ಜಿ ಹಿಡಿದು ಅರಮನೆಗೆ ನಡೆದಳು.

ಬಾಗಿಲಲ್ಲಿದ್ದ ಗುಮಾಸ್ತ ‘ಸೇತುವೆ’ ಎಂಬ ಪದವನ್ನು ಹೊಡೆದುಹಾಕಿದ. “ಇದು ಒಳಗೆ ನಡೆಯಲ್ಲಮ್ಮ. ಬ್ರಿಡ್ಜ್ ಅಂತ ಬರೀತೀನಿ.”

“ಏನರ ಬರಕೊಳ್ರೀ. ಹೊಳಿ ದಾಟಿದ್ರ ಸಾಕು.”

ಮಹಾರಾಜರು ಅರ್ಜಿ ಓದಿ ಕೆನ್ನೆ ಮುಟ್ಟಿಕೊಂಡರು. ಹಿಂದಿನ ವಾರವಷ್ಟೇ ಚಕ್ಕುಲಿ ಕಡಿಯಲು ಹೋಗಿ ಎರಡು ಹಲ್ಲು ಕಳೆದುಕೊಂಡಿದ್ದರು.

“ಪ್ರಭು, ಪ್ರಜೆಗಳಿಗೆ ತಮ್ಮ ಹಲ್ಲಿನದೇ ಚಿಂತೆ!” ಎಂದ ಆಸ್ಥಾನವೈದ್ಯ. “ಬಿದ್ದ ಹಲ್ಲಿನ ಜಾಗದಲ್ಲಿ ಕೂರಿಸುವುದಕ್ಕೂ ಬ್ರಿಡ್ಜ್ ಎಂದೇ ಹೆಸರು.”

ಮಹಾರಾಜರ ಕಣ್ಣು ತುಂಬಿ ಬಂತು.

ಕ್ರೀಡಾಮಂತ್ರಿ ಎದ್ದು ನಿಂತ. “ಇಸ್ಪೀಟಿನಲ್ಲೂ ಬ್ರಿಡ್ಜ್ ಇದೆ, ಪ್ರಭು. ಆಡಲು ನಾಲ್ವರು ಬೇಕು. ಸಂಪುಟ ಸಭೆಯಲ್ಲಿ ಎಚ್ಚರವಿರುವವರೂ ಸರಿಯಾಗಿ ನಾಲ್ವರೇ!”

ಫಕೀರವ್ವನಿಗೆ ತಡೆಯಲಾಗಲಿಲ್ಲ. “ಯಪ್ಪಾ, ನಾ ಕೇಳಿದ್ದು ಹೊಳಿ ಮ್ಯಾಲಿಂದು! ಈ ದಂಡಿಯಿಂದ ಆ ದಂಡಿಗೆ ಹೋಗೂದು!”

“ಅದನ್ನೇ ತಾಯಿ ನಾನೂ ಹೇಳಬೇಕೆಂದಿದ್ದೆ,” ಎಂದ ವಿದ್ಯಾಮಂತ್ರಿ. “ಹಿಂದುಳಿದವರನ್ನು ದಡ ಸೇರಿಸುವ ತರಬೇತಿಗೆ ಬ್ರಿಡ್ಜ್ ಕೋರ್ಸ್ ಎನ್ನುತ್ತಾರೆ. ನಿಮ್ಮೂರಿಗೆ ಈಜಿನ ಬ್ರಿಡ್ಜ್ ಕೋರ್ಸ್ ಮಂಜೂರು!”

ಸಭೆ ಚಪ್ಪಾಳೆ ತಟ್ಟಿತು. ಮಲಗಿದ್ದ ಮಂತ್ರಿಗಳೂ ಎದ್ದು ತಟ್ಟಿ ಮತ್ತೆ ಮಲಗಿದರು.

ಮೂರು ತಿಂಗಳಲ್ಲಿ ಎಲ್ಲವೂ ಅನುಷ್ಠಾನಗೊಂಡಿತು. ಅರಮನೆಯಲ್ಲಿ ಆಟ ಶುರುವಾಯಿತು. ಹುಲಗಟ್ಟಿಯ ಜನ ಬೆಂಚಿನ ಮೇಲೆ ಬೋರಲು ಮಲಗಿ ಕೈಕಾಲು ಬಡಿದರು. ತರಬೇತುದಾರನಿಗೆ ನೀರೆಂದರೆ ಭಯವಿತ್ತು. ಮಹಾರಾಜರು ಹೊಳೆದಂಡೆಗೆ ಬಂದು, ಬಾಯಿ ತೆರೆದು, ಹೊಸ ಬ್ರಿಡ್ಜನ್ನು ಲೋಕಾರ್ಪಣೆ ಮಾಡಿದರು. ಆಸ್ಥಾನ ಅವರಿಗೆ ‘ಸೇತುಸಾರ್ವಭೌಮ’ ಎಂಬ ಬಿರುದು ನೀಡಿತು. ಕೂಡಲೇ ರಾಜಾಜ್ಞೆಯೂ ಹೊರಬಿತ್ತು: ಬ್ರಿಡ್ಜ್ ಸೌಲಭ್ಯ ಒದಗಿಸಲಾಗಿರುವುದರಿಂದ ಅಪಾಯಕಾರಿ ಹರಿಗೋಲುಗಳನ್ನು ಇಂದಿನಿಂದಲೇ ನಿಷೇಧಿಸಲಾಗಿದೆ.

ಮರುದಿನ ಬೆಳಿಗ್ಗೆ ಆಚೆ ದಂಡೆಯ ಹುಲಗಟ್ಟಿಯಿಂದ ಕೂಗು ಬಂತು. ಯಾರಿಗೋ ನೋವು ಶುರುವಾಗಿತ್ತು. ಲೋಕಾರ್ಪಣೆ ನೋಡಲು ಬಂದಿದ್ದ ಫಕೀರವ್ವ ಹರಿಗೋಲಿಲ್ಲದೆ ಈಚೆ ದಂಡೆಯಲ್ಲೇ ಉಳಿದಿದ್ದಳು. ಆಕೆ ಬಟ್ಟೆಯ ಗಂಟನ್ನು ತಲೆಗೆ ಬಿಗಿದು, ಸೀರೆ ಮೇಲೆ ಕಟ್ಟಿ ನೀರಿಗಿಳಿದಳು. ಮೊಣಕಾಲು ಮುಳುಗುವಷ್ಟರಲ್ಲಿ ಹಿಂದಿನಿಂದ ಕಾವಲುಗಾರ ಕೂಗಿದ.

“ಏಯ್, ಬ್ರಿಡ್ಜ್ ಸುಂಕ ಕೊಟ್ಟು ಹೋಗಮ್ಮ!”

“ಯಾವ ಬ್ರಿಡ್ಜಿಂದಪ್ಪಾ?”

ಅವನು ಆಜ್ಞೆಯ ಪ್ರತಿಯನ್ನು ತೆಗೆದು ಎಚ್ಚರಿಕೆಯಿಂದ ಓದಿಕೊಂಡ.

“ಮೂರರದ್ದೂ.”