ನಾಲಿಗೆಗೆ ತಂಪಾದ ಕನ್ನಡಕ

ಊರೆಲ್ಲ ಮೋಸ ಹೋಗಲಿ, ನಾನು ಮಾತ್ರ ಹೋಗುವವನಲ್ಲ! ಪತ್ರಿಕೆಗೆ ಸುದ್ದಿ ಬರೆದು ಬದುಕುವವನು ನಾನು. ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಕಿವಿರು ಎತ್ತಿ ನೋಡದೆ ಒಂದು ಬಂಗುಡೆಯನ್ನೂ ಚೀಲಕ್ಕೆ ಹಾಕಿಕೊಂಡವನಲ್ಲ. ಅಂಥ ನನಗೆ ನಲವತ್ತು ದಾಟುತ್ತಲೇ ಅಕ್ಷರಗಳು ಇರುವೆಗಳಂತೆ ಹರಿದಾಡತೊಡಗಿದವು. ಡಾಕ್ಟರರು ನಂಬರು ಬರೆದುಕೊಟ್ಟರು. ಕೊಂಡರೆ ಜಿಲ್ಲೆಯಲ್ಲೇ ಶ್ರೇಷ್ಠವಾದ ಕನ್ನಡಕ, ಅದೂ ಪರೀಕ್ಷೆ ಮಾಡಿಯೇ ಎಂದು ಹೆಂಡತಿ ಹರಿಣಾಕ್ಷಿಯ ಮುಂದೆ ಘೋಷಿಸಿದೆ.

“ಅಕ್ಕ್, ಬೇಗ ತಕಣಿ. ಬಪ್ಪು ಆಯ್ತವಾರ ಹಾಲಾಡಿಲಿ ತಂಗಿ ಮದಿ ಮಾತುಕತಿ ಇತ್ತ್. ಅದ್ರೊಳ್ಗೆ ನಿಮ್ಮ ಈ ರಗಳೆ ಮುಗಿಲಿ” ಎಂದಳು.

ಅಂಗಡಿಯ ಉಮಾನಾಥ ಒಂದೇ ಪ್ರಶ್ನೆಯಲ್ಲಿ ನನ್ನ ನೆಮ್ಮದಿ ಕಸಿದ. “ಗಾಜಾ, ಪೆಬ್ಬಲ್ಲಾ, ಹೊಸ ಪ್ಲಾಸ್ಟಿಕ್ಕಾ?”

ಗಾಜು ಅಗ್ಗ, ಆದರೆ ಭಾರ, ಬಿದ್ದರೆ ಚೂರು. ಪ್ಲಾಸ್ಟಿಕ್ಕು ಬೊಂಬಾಯಿಯಿಂದ ಆಗಷ್ಟೇ ಬರತೊಡಗಿತ್ತು. ಹಗುರ, ಸುಲಭಕ್ಕೆ ಒಡೆಯದು, ಆದರೆ ಪಂಚೆಯ ತುದಿಯಲ್ಲಿ ಒರೆಸಿದರೂ ಗೀರು. ಪೆಬ್ಬಲ್ ಎಂದರೆ ಸ್ಫಟಿಕದ ಕಲ್ಲನ್ನು ತಿಕ್ಕಿ ಮಾಡಿದ್ದು. ಗೀರು ಬೀಳದು, ಕಣ್ಣಿಗೆ ತಂಪಂತೆ, ದೊಡ್ಡವರ ಮೂಗಿನ ಮೇಲಲ್ಲದೆ ಬೇರೆಲ್ಲೂ ಕೂರದಂತೆ!

“ಪೆಬ್ಬಲ್ ಅಂದೇಳಿ ಗಾಜ್ ಕೊಟ್ರೆ ಗೊತ್ತಾಪುದ್ ಹ್ಯಾಂಗೆ?” ಎಂದೆ.

“ನಾಲ್ಗಿ ತಾಗ್ಸಿ ಕಾಣಿ ಮಾರಾಯ್ರೆ. ಪೆಬ್ಬಲ್ ಆರೆ ಥಂಡಿ. ಗಾಜ್ ಗಳಿಗಿಲಿ ಬೆಚ್ಚಗ್ ಆತ್ತ್.”

ಅವನು ಎರಡನ್ನೂ ಮುಂದಿಟ್ಟ. ತಾಗಿಸಿದೆ. ಒಂದು ನಿಜಕ್ಕೂ ಥಂಡಿ! ಕೊಂಡುಬಿಡಬೇಕಿತ್ತು. ಆದರೆ ಅದನ್ನು ಅವನು ನೀರಿನ ಹೂಜಿಯ ಪಕ್ಕ ಇಟ್ಟಿದ್ದರೆ? ಒಂದೇ ಅಂಗಡಿಯ ಸಾಕ್ಷಿಯನ್ನು ನಂಬಿ ಯಾವ ಸುದ್ದಿಯನ್ನೂ ಬರೆದವನಲ್ಲ ನಾನು. ಹೊರಗಿನ ಸಾಕ್ಷಿ ಬೇಕು ಎನ್ನಿಸಿತು.

ಅಲ್ಲಿಂದ ನನ್ನ ನಾಲಿಗೆಗೆ ನಿದ್ದೆ ಇಲ್ಲ! ಪೋಸ್ಟ್ ಮಾಸ್ತರರು ಮುಖ ತೊಳೆಯಲು ಹೋದಾಗ ಅವರ ಕನ್ನಡಕ ನೆಕ್ಕಿ ನೋಡಿದೆ: ಗಾಜು, ಜೊತೆಗೆ ಗೋಂದಿನ ರುಚಿ. ಮಾವನವರದೂ ಗಾಜು, ನಶ್ಯ ಏರಿ ಊಟದ ಹೊತ್ತಿನವರೆಗೆ ಸೀನಿದೆ. ಬೈಂದೂರಿನ ಬಸ್ಸಿನಲ್ಲಿ ಪಕ್ಕದವರು ಕನ್ನಡಕ ಹಣೆಗೇರಿಸಿ ತೂಕಡಿಸುತ್ತಿದ್ದರು. ನಾನು ಮೆಲ್ಲಗೆ ಬಾಗುತ್ತಿದ್ದಂತೆ ಹರಿಣಾಕ್ಷಿ ಅಂಗಿಯ ಕಾಲರು ಹಿಡಿದು ಎಳೆದಳು.

“ಹ್ವಾಯ್! ಎಂತ ದನ ಕರು ನೆಕ್ಕುದಾ ಇದ್? ಗಂಡಿನ ಕಡಿಯೋರ್ ಬಂದಾಗ ಹೀಂಗೆ ಮಾಡ್ರೆ ನಾ ತವರಂಗೇ ಉಳಿತೆ, ಕಾಣಿ!”

ಆಯ್ತವಾರ ಬಂತು. ಯಡ್ತರೆಯ ಚಂದಯ್ಯ ಶೆಟ್ಟರು ಹೆಂಡತಿ ಸರೋಜಕ್ಕನೊಂದಿಗೆ ಹಾಲಾಡಿಯ ನನ್ನ ಮಾವನ ಜಗಲಿಗೆ ಬಿಜಯಂಗೈದರು. ಬೊಂಬಾಯಿಯಲ್ಲಿ ಹೋಟೆಲು ನಡೆಸುವ ಕುಳ. ಅವರ ಮಗನೂ ನನ್ನ ನಾದಿನಿ ಸ್ನೇಹಲತಳೂ ಪರಸ್ಪರ ಒಪ್ಪಿಯಾಗಿತ್ತು. ಶೆಟ್ಟರ ಬಾಯಿಂದ ಆಗಲಿ ಎನ್ನುವ ಒಂದು “ಅಕ್ಕ್” ಬಿದ್ದರೆ ಮದುವೆ ಗಟ್ಟಿ. ಹುಡುಗಿ ಬಾಗಿಲ ಸಂದಿಯಲ್ಲಿ ಉಸಿರು ಹಿಡಿದು ನಿಂತಿದ್ದಳು.

ಶೆಟ್ಟರು ಚಿನ್ನದ ಬಣ್ಣದ ಕಟ್ಟಿನ ಕನ್ನಡಕವನ್ನು ಕುರ್ಚಿಯ ಕೈಯ ಮೇಲಿಟ್ಟು ಕಾಲು ತೊಳೆಯಲು ಹೋದರು. ಮಾವ ಹಿಂದೆಯೇ ನೀರಿನ ತಂಬಿಗೆ ಹಿಡಿದು ನಡೆದರು. ಸರೋಜಕ್ಕ ಹೆಂಗಸರೊಂದಿಗೆ ಒಳಗೆ ಹೋದರು. ಜಗಲಿಯಲ್ಲಿ ನಾನು ಮತ್ತು ಕನ್ನಡಕ! ನೋಡಬಾರದೆಂದು ತೆಂಗಿನ ಮರದ ಕಡೆ ತಿರುಗಿದೆ. ಮರದಲ್ಲೂ ಕನ್ನಡಕವೇ ಕಂಡಿತು. ಒಂದೇ ಒಂದು ಸಲ, ತುದಿಯಷ್ಟೇ…

ತಾಗಿಸಿದೆ. ಗಳಿಗೆಯಲ್ಲಿ ಬೆಚ್ಚಗಾಯಿತು. ಗಾಜು! ಶುದ್ಧ ಗಾಜು! ಇನ್ನೊಂದು ಕಣ್ಣನ್ನೂ ನೋಡೋಣವೆಂದು ತಿರುಗಿಸುತ್ತೇನೆ, ಶೆಟ್ಟರು ಮೆಟ್ಟಿಲ ಮೇಲೆ ನಿಂತಿದ್ದಾರೆ. ಮಾವನ ಕೈಯ ತಂಬಿಗೆ ಅಂಗಳಕ್ಕೆ ಬಿದ್ದು ಉರುಳುತ್ತ ಹೋಯಿತು.

“ಎಂತ ಮಾಡ್ತಿದ್ರಿ?” ಎಂದರು ಶೆಟ್ಟರು.

ನಾಲಿಗೆಯನ್ನು ಒಳಗೆಳೆದುಕೊಂಡು ಪೆಬ್ಬಲ್ ಪರೀಕ್ಷೆಯ ವಿಷಯ ತೊದಲಿದೆ. ಶೆಟ್ಟರು ಕುರ್ಚಿಯಲ್ಲಿ ಕುಳಿತು ಮುಂದಕ್ಕೆ ಬಾಗಿದರು.

“ಅದ್ ಬೊಂಬಾಯಿಲಿ ಹೇಳಿ ಮಾಡ್ಸದ್ ಪೆಬ್ಬಲ್. ಈ ಸರೋಜ ಮಾತ್ರ ಗಾಜ್, ಗಾಜ್ ಅಂದೇಳಿ ಹೀಯಾಳಿಸ್ತಳ್. ಹೇಳಿ, ನಿಮ್ ನಾಲ್ಗಿ ಎಂತ ಹೇಳ್ತ್?”

“ಹೇಳಿ ಭಾವಯ್ಯ, ಹೆದ್ರಬೇಡಿ” ಎಂದರು ಒಳಗಿನಿಂದ ಬಂದ ಸರೋಜಕ್ಕ, ಕಣ್ಣಲ್ಲೇ ನಗುತ್ತ.

ಒಂದು ಕಡೆ ಸತ್ಯ, ಇನ್ನೊಂದು ಕಡೆ ಸ್ನೇಹಲತ. ನಾದಿನಿಯ ಮುಖ ಬಾಳೆಯ ದಿಂಡಿನಂತೆ ಬಿಳಿಚಿತ್ತು. ಅವಳ ಪಕ್ಕದಲ್ಲಿ ಹರಿಣಾಕ್ಷಿ ನನ್ನನ್ನು ನೋಡಿದ ನೋಟಕ್ಕೆ ಯಾವ ಮಸೂರವೂ ಬೇಕಿರಲಿಲ್ಲ.

“ಪೆಬ್ಬಲ್!” ಎಂದು ಕೂಗಿದೆ. “ಅಪ್ಪಟ ಪೆಬ್ಬಲ್, ಶೆಟ್ರೆ! ನಾಲ್ಗಿ ಮರಗಟ್ಟಿ ಹೋಯ್ತ್!”

“ಕೇಂಡ್ಯಾ ಸರೋಜ!” ಶೆಟ್ಟರು ತೊಡೆ ತಟ್ಟಿದರು. “ಪೇಪರಿಗೆ ಬರಿಯೋರ್ ಹೇಳ್ತಿದ್ರ್! ಇಂಥ ಅಳಿಯ ಇಪ್ಪು ಮನಿ ಅಂದ್ರೆ ಮತ್ತೆ ಕಾಂಬುದ್ ಎಂತ? ಅಕ್ಕ್! ಮದಿ ಗಟ್ಟಿ!”

ಮಾವ ಕಂಬ ಹಿಡಿದು ಕುಳಿತರು. ಒಳಗಿನಿಂದ ಪಾಯಸ ಬಂತು. ನಾನು ಬದುಕಿದೆ ಎಂದುಕೊಂಡು ಲೋಟಕ್ಕೆ ಕೈ ಚಾಚಿದೆ.

“ನಿಮ್ ಕಣ್ಣಿನ ನಂಬ್ರ ಕೊಡಿ ಕಾಂಬ” ಎಂದರು ಶೆಟ್ಟರು. “ಅದೇ ಅಂಗಡಿಂದ ನಿಮ್ಗೂ ಒಂದ್ ಜೋಡಿ. ಮದಿಗೆ ನನ್ ಉಡುಗೊರೆ.”

“ಬೇಡ ಶೆಟ್ರೆ, ನಂಗ್ ಗಾಜೇ ಸಾಕ್…”

“ಛೆ! ಪೆಬ್ಬಲ್ ಗುರ್ತ ಇಪ್ಪೋರ್ ಗಾಜ್ ಹಾಕುದಾ?”

ಮದುವೆಯ ಚಪ್ಪರದಲ್ಲಿ, ಇಡೀ ಬೀಗರ ಬಳಗದ ಎದುರು, ಅವರು ಮಖಮಲ್ಲಿನ ಪೆಟ್ಟಿಗೆ ತೆರೆದು ಕೊಟ್ಟರು. “ಹ್ಞಾಂ, ಎಲ್ರ ಎದ್ರಿಗೂ ಒಂದ್ಸಲ ಕಾಣಿ!” ಎಂದರು. ತಾಗಿಸಿದೆ. ಬಿಸಿ ಕಾಫಿಯಷ್ಟು ಬೆಚ್ಚಗೆ!

“ಹ್ಯಾಂಗಿತ್ತ್?”

“ತಂಪ್… ಭಾರೀ ತಂಪ್!”

ಚಪ್ಪರ ಚಪ್ಪಾಳೆ ತಟ್ಟಿತು. ನಾನು ಕನ್ನಡಕವನ್ನು ಮೂಗಿಗೇರಿಸಿ ಕೈಯಲ್ಲಿದ್ದ ಲಗ್ನಪತ್ರಿಕೆ ನೋಡಿದೆ. ಒಂದೊಂದು ಅಕ್ಷರವೂ ಮುತ್ತು! ನಂಬರು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಇನ್ನು ಅದನ್ನು ಬಿಸಾಡಲು ನೆಪವೂ ಇಲ್ಲ.

ಹರಿಣಾಕ್ಷಿ ಹತ್ತಿರ ಬಂದು ಕಿವಿಯಲ್ಲಿ ಕೇಳಿದಳು: “ಖರೆ ಹೇಳಿ, ಎಂತದ್ ಅದ್?”

ಶೆಟ್ಟರು ಅಲ್ಲೇ ನಿಂತಿದ್ದರು.

“ಪೆಬ್ಬಲ್” ಎಂದೆ.

“ಹಂಗಾರೆ ಇನ್ ಬೇರೆ ಬೇಡ. ಸಾಯು ವರೆಗೂ ಇದನ್ನೇ ಹಾಯ್ಕಣಿ!”