ಮಾವನವರ ತಸಬೀರು

ಅತ್ತೆಯ ಎದುರು "ಅದೇನ್ ದೊಡ್ಡ ಮಾತ್ರಿ" ಎಂದು ಯಾವ ಅಳಿಯನೂ ಅನ್ನಬಾರದು. ಭಾಲ್ಕಿ ತಹಸೀಲ ಕಚೇರಿಯ ಗುಮಾಸ್ತ ಏಕನಾಥ ಅಂದ, ಅನುಭವಿಸಿದ.

ಔರಾದದ ಅತ್ತೆ ಗಂಗುಬಾಯಿ ರಜಾಕಾರರ ಗಲಾಟೆಯಲ್ಲಿ ಮನೆ ಬಿಟ್ಟು ಓಡಿದ್ದಳು. ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಬಂದು ನೋಡಿದರೆ, ಎಂದೋ ತೀರಿಹೋದ ಗಂಡನ ಇದ್ದೊಂದು ಫೋಟೊ ಟ್ರಂಕಿನ ಸಮೇತ ಮಾಯ. ಈಗ ಮಗಳ ಮನೆಯಲ್ಲಿದ್ದ ಆಕೆಗೆ ಅದೊಂದೇ ಸಂಕಟ.

"ದಿನಕ್ಕೊಂದಿಷ್ಟು ಅವ್ರ ಮಾರಿ ಮರೀಲಿಕತ್ತೀನ್ರಿ," ಎಂದಳು ಒಂದು ದಿನ.

"ಅದೇನ್ ದೊಡ್ಡ ಮಾತ್ರಿ, ನಾ ಬರೀತೇನಿ," ಎಂದ ಏಕನಾಥ. (ಅಲ್ಲಿಯವರೆಗೆ ಅವನು ಬರೆದ ಚಿತ್ರವೆಂದರೆ ಹೊಲಗಳ ನಕ್ಷೆ.)

ನೆರೆಮನೆಯ ಡ್ರಾಯಿಂಗ್ ಮಾಸ್ತರ ಮಕ್ಸೂದ ಸಾಹೇಬರ ಶಿಷ್ಯತ್ವ ಸ್ವೀಕಾರವಾಯಿತು. "ಎರಡು ಕಣ್ಣಿನ ನಡುವ ಒಂದು ಕಣ್ಣಿನಷ್ಟು ಜಾಗಾ ಬಿಡ್ರಿ. ಕಣ್ಣಿಗಿ ಕಂಡಿದ್ದು ಬರೀರಿ, ತಲ್ಯಾಗಿದ್ದದ್ದಲ್ಲ," ಎಂದರು ಅವರು.

ಆದರೆ ಮಾವನವರನ್ನು ಕಂಡವರ್ಯಾರು? ಹೆಂಡತಿ ಅಂಜನಾಬಾಯಿ ತೊಟ್ಟಿಲಲ್ಲಿದ್ದಾಗಲೇ ತೀರಿದವರು. ಅತ್ತೆ ಹೇಳಿದಂತೆ ಬರೆದರೆ ಮೂಗು ಒಮ್ಮೆ ಉದ್ದ, ಒಮ್ಮೆ ಗಿಡ್ಡ.

"ಇದು ನಮ್ಮಪ್ಪನೋ ಕುಂಬಳಕಾಯೋ?" ಎಂದಳು ಅಂಜನಾಬಾಯಿ.

ಕೊನೆಗೆ ಗುರುವಾಕ್ಯಕ್ಕೆ ಶರಣಾದ ಏಕನಾಥ ಕನ್ನಡಿಯ ಮುಂದೆ ಕೂತು ಕಣ್ಣಿಗೆ ಕಂಡದ್ದನ್ನೇ ಬರೆಯತೊಡಗಿದ. ಎರಡು ತಿಂಗಳಲ್ಲಿ ಒಂದು ಮುಖ ಮುಖದಂತಾಯಿತು. ಅದಕ್ಕೊಂದು ರುಮಾಲು ಸುತ್ತಿ, ಗಿರಿಜಾ ಮೀಸೆ ಅಂಟಿಸಿ, ಹೆದರುತ್ತ ಅತ್ತೆಯ ಕೈಗಿಟ್ಟ. ಮೋಸ ಮಾಡುತ್ತಿದ್ದೇನೆಂದು ಅವನಿಗೆ ನಿಜಕ್ಕೂ ನಾಚಿಕೆಯಾಗಿತ್ತು.

ಗಂಗುಬಾಯಿ ಬಹಳ ಹೊತ್ತು ನೋಡಿದಳು. ಚಿತ್ರವನ್ನು, ಆಮೇಲೆ ಅಳಿಯನನ್ನು, ಮತ್ತೆ ಚಿತ್ರವನ್ನು.

"ಅವ್ರೇ," ಎಂದು ಕಣ್ಣೊರೆಸಿಕೊಂಡಳು. "ಸುಳ್ಳು ಹೇಳಿ ಸಿಕ್ಕಿಬಿದ್ದಾಗ ಹಿಂಗೇ ಮಾರಿ ಮಾಡ್ಕೊಂಡು ನಿಂದರ್ತಿದ್ರು."

ಅಂಜನಾಬಾಯಿ ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು.

ಮರುದಿನ ಸ್ನಾನ ಮಾಡಿ ಬಂದ ಏಕನಾಥ ನೋಡುತ್ತಾನೆ: ಗೋಡೆಯ ಮೇಲೆ ತನ್ನದೇ ಮುಖ, ಹಣೆಗೆ ಕುಂಕುಮ, ಕೊರಳಿಗೆ ಹೂವಿನ ಹಾರ, ಎದುರಿಗೆ ಊದಿನಕಡ್ಡಿ. ಕೆಳಗೆ ಕೂತ ಅತ್ತೆ ಸಣ್ಣ ದನಿಯಲ್ಲಿ ಏನೇನೋ ಹೇಳಿಕೊಳ್ಳುತ್ತಿದ್ದಳು, ಎಷ್ಟೋ ವರ್ಷಗಳ ಮಾತು.

"ಅಲ್ಲ, ನಾ ಇನ್ನಾ ಬದುಕೀನಲ್ಲ," ಎಂದ ಅವನು ಹೆಂಡತಿಯ ಕಿವಿಯಲ್ಲಿ.

"ಹಂಗಾರ ಅವ್ವನ ಮುಂದ ಹೋಗಿ ಹೇಳ್ರಿ."

ಏಕನಾಥ ಅತ್ತೆಯನ್ನು ನೋಡಿದ. ಹತ್ತಿರ ಹೋಗಿ, ತನ್ನ ಮುಂದೆ ತಾನೇ ಕೈಮುಗಿದು ನಿಂತ.